ಮಗ್ಗದ ಸದ್ದು ಕೇಳುತ್ತಿದ್ದವಳು

ಹೊಸ ಫ್ಲೂ ಜ್ವರ ಬಂದ ವರ್ಷ ಹಿಂದೂಪುರದ ನಮ್ಮ ನೇಕಾರರ ಬೀದಿಗೆ ಒಬ್ಬ ಆಶಾ ಕಾರ್ಯಕರ್ತೆ ಬರುತ್ತಿದ್ದಳು. ಜ್ವರ ಇದೆಯೇ ಎಂದು ಕೇಳಿದರೆ ಯಾರೂ ನಿಜ ಹೇಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಬೀದಿಯ ಮಧ್ಯೆ ಕೊಡೆ ಮಡಚಿ, ಕತ್ತು ವಾಲಿಸಿ ನಿಲ್ಲುತ್ತಿದ್ದಳು. ಯಾವ ಮನೆಯಲ್ಲಿ ಕೈಮಗ್ಗದ ಸದ್ದಿಲ್ಲವೋ ಆ ಮನೆಗೆ ನುಗ್ಗುತ್ತಿದ್ದಳು. ಇದೂ ಕೊರೊನಾದ ಹಾಗೇ ಜನರನ್ನು ಹೊತ್ತುಕೊಂಡು ಹೋಗುತ್ತದೆಯೇ ಎಂದು ಕೇಳಿದರೆ, "ಏಮೋ, ನಂಗೂ ಗೊತ್ತಿಲ್ಲ ಕಣಜ್ಜಿ" ಎನ್ನುವಳು. ಸುಳ್ಳು ಧೈರ್ಯ ಹೇಳಿದವಳಲ್ಲ.

ನನ್ನ ಸೊಸೆಗೆ ಜ್ವರ ಏರಿತು. ವಿಷಯ ತಿಳಿದರೆ ನೂಲು ಕೊಡುವವನು ನಮ್ಮ ಮನೆಗೆ ಕೆಲಸ ಕೊಡುವುದನ್ನೇ ಬಿಟ್ಟುಬಿಡುತ್ತಾನೆ. ಅದಕ್ಕೇ ಅವಳನ್ನು ಒಳಕೋಣೆಯಲ್ಲಿ ಮಲಗಿಸಿ, ನಾನೇ ಮಗ್ಗಕ್ಕೆ ಕುಳಿತು ನೂಲಿಲ್ಲದ ಲಾಳಿ ಓಡಿಸಿದೆ. ಆಶಾ ಕಾರ್ಯಕರ್ತೆ ನಮ್ಮ ಹೊಸ್ತಿಲಿಗೆ ಬಂದು ನಿಂತಳು.

"ಅಜ್ಜೀ, ಇದು ನಿನ್ ಸೊಸೆ ಕೈ ಅಲ್ಲ."

"ಅವ್ಳು ಗೋರಂಟ್ಲಕ್ಕೆ ತವರಿಗೆ ಹೋಗವ್ಳೆ. ನೀನು ನಡಿಯಮ್ಮಿ."

"ತವರಿಗೆ ಹೋದೋಳು ಒಳಗೆ ಕೆಮ್ತಾವ್ಳಲ್ಲಾ?"

ನನ್ನನ್ನು ಪಕ್ಕಕ್ಕೆ ತಳ್ಳಿ ಒಳಗೆ ಹೋದಳು. ಸೊಸೆಯ ತುಟಿ ನೀಲಿಯಾಗಿತ್ತು. ಅವಳು ಕರೆಸಿದ ಆಟೋದವನು ಮುಟ್ಟಲು ಒಪ್ಪದೆ ದೂರ ನಿಂತ, ನಾನೂ ನಿಂತೆ. ಅವಳೊಬ್ಬಳೇ ಸೊಸೆಯನ್ನು ಹೆಗಲಿಗೆ ಒರಗಿಸಿಕೊಂಡು ಹೋಗಿ ಆಟೋ ಹತ್ತಿಸಿದಳು. ಆಟೋವರೆಗಿನ ದಾರಿಯಲ್ಲಿ ತನ್ನ ಮಾಸ್ಕು ಜಾರಿದರೂ ಸರಿಮಾಡಿಕೊಳ್ಳಲು ಕೈ ಬಿಡುವಿರಲಿಲ್ಲ.

ಸೊಸೆ ಆಸ್ಪತ್ರೆಯಿಂದ ಬದುಕಿ ಬಂದಳು. ಅಷ್ಟರಲ್ಲಿ ಆ ಆಶಾ ಕಾರ್ಯಕರ್ತೆ ಅದೇ ಜ್ವರ ಹಿಡಿದು ಸತ್ತಿದ್ದಳು. ಮಣ್ಣಿಗೆ ನಮ್ಮ ಬೀದಿಯಿಂದ ಒಬ್ಬರೂ ಹೋಗಲಿಲ್ಲ. ನಾನೂ ಹೋಗಲಿಲ್ಲ. ಜ್ವರ ಅಂಟೀತೆಂದು ಹೆದರಿ ಬಾಗಿಲು ಹಾಕಿಕೊಂಡು ಕುಳಿತಿದ್ದೆ.