ತಾಯಿ ಸಮೇತ

ಬ್ರಿಹಿದಾ ತನ್ನ ವಿನೆಗರಿನ ಜಾಡಿಯನ್ನು ಬಚ್ಚಲಿಗೆ ಸುರಿದದ್ದು ಯಾರ ಒತ್ತಾಯಕ್ಕೂ ಅಲ್ಲ, ಮರ್ಯಾದೆಗೆ ಅಂಜಿ.

ಮೆಕ್ಸಿಕೋದ ಈ ಸರೋವರದ ದಂಡೆಗೆ ಉತ್ತರ ದೇಶಗಳ ನಿವೃತ್ತರು ಬಂದು ನೆಲೆಸತೊಡಗಿದ ಮೇಲೆ ಅವಳ ಕಿರಾಣಿ ಅಂಗಡಿಯ ಕಪಾಟುಗಳು ಒಂದೊಂದಾಗಿ ರೂಪ ಬದಲಿಸಿದವು. ಒಣಮೆಣಸಿನಕಾಯಿಯ ಚೀಲಗಳಿದ್ದಲ್ಲಿ ಕಡಲೆಕಾಯಿ ಬೆಣ್ಣೆ ಬಂತು. ಬೆಲ್ಲದ ಅಚ್ಚುಗಳಿದ್ದಲ್ಲಿ ಮೇಪಲ್ ಪಾಕ, ಬಾದಾಮಿ ಹಾಲು. ಹಳೆಯದರಲ್ಲಿ ಉಳಿದದ್ದು ಮೂಲೆಯ ಮಣ್ಣಿನ ಜಾಡಿ ಮಾತ್ರ. ಅದರಲ್ಲಿ ಅನಾನಸಿನ ಸಿಪ್ಪೆಯೂ ಬೆಲ್ಲದ ನೀರೂ ಹುಳಿತು ವಿನೆಗರ್ ಆಗುತ್ತಿತ್ತು. ಅದರ ಮೇಲೆ ಕಟ್ಟುವ ದಪ್ಪ ಲೋಳೆಯ ಪದರಕ್ಕೆ ನಮ್ಮೂರಲ್ಲಿ 'ತಾಯಿ' ಎಂದೇ ಹೆಸರು. ಹಾಲಿಗೆ ಹೆಪ್ಪು ಹೇಗೋ ವಿನೆಗರಿಗೆ ಅದು ಹಾಗೆ. ಬ್ರಿಹಿದಾಳ ಜಾಡಿಯ ತಾಯಿ ಅವಳ ಅಮ್ಮನಿಂದ ಬಂದದ್ದು, ಅಮ್ಮನಿಗೆ ಅಜ್ಜಿಯಿಂದ.

ಒಂದು ದಿನ ಕೆನಡಾದ ನಿವೃತ್ತ ನರ್ಸ್ ಡೊರೀನ್, ಆ ವಿನೆಗರ್ ತುಂಬಿ ಮಾರಾಟಕ್ಕಿಟ್ಟ ಬಾಟಲಿಯೊಂದನ್ನು ಬೆಳಕಿಗೆ ಹಿಡಿದಳು.

"ಬ್ರಿಹಿದಾ, ಒಳಗೆ ಏನೋ ಇದೆ. ಪ್ರಾಣಿ?"

"ಪ್ರಾಣಿ ಅಲ್ಲ ಸೆನ್ಯೋರಾ, ತಾಯಿ."

"ಯಾರ ತಾಯಿ?"

ಎದುರಿನ ಮಾಂಸದಂಗಡಿಯ ನಸಾರಿಯೊ ಬಾಗಿಲಲ್ಲೇ ನಿಂತಿದ್ದ. "ಯಾರ ತಾಯಿ ಆದ್ರೇನಮ್ಮಾ, ಬಿರಡೆ ಬಿಗಿಯಾಗಿ ಹಾಕಿ. ತಪ್ಪಿಸ್ಕೊಂಡು ಹೋಗ್ಬಿಟ್ಟಾಳು!" ಎಂದ.

ಎಲ್ಲರೂ ನಕ್ಕರು. ಡೊರೀನಳೂ ನಕ್ಕು, ಬಾಟಲಿಯನ್ನು ಬಹಳ ಮೃದುವಾಗಿ ಕಪಾಟಿಗೆ ಮರಳಿಸಿ, ಕೈಯನ್ನು ಕರವಸ್ತ್ರದಿಂದ ಒರೆಸಿಕೊಂಡಳು. ಬ್ರಿಹಿದಾಳಿಗೆ ಚುಚ್ಚಿದ್ದು ನಗುವಲ್ಲ, ಆ ಒರೆಸಿಕೊಂಡದ್ದು. ಆ ವಾರವೇ ಜಾಡಿ ಬರಿದಾಯಿತು, ಬ್ಲೀಚಿಂಗ್ ನೀರಿನಲ್ಲಿ ತೊಳೆಸಿಕೊಂಡಿತು. ಕಪಾಟಿಗೆ ಕಾರ್ಖಾನೆಯ ಬಿಳಿ ವಿನೆಗರ್ ಬಂತು.

ವರ್ಷಗಳು ಕಳೆದವು. ಒಮ್ಮೆ ಸರಕಿನ ವ್ಯಾನಿನಿಂದ ಸೇಬಿನ ವಿನೆಗರಿನ ಬಾಟಲಿಗಳು ಇಳಿದವು. ತಳದಲ್ಲಿ ಕದಡಿದ ಗಸಿ, ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ 'ತಾಯಿ ಸಮೇತ'. ಅದನ್ನು ಕೇಳಿಕೊಂಡು ಮೊದಲು ಬಂದವಳು ಡೊರೀನಳೇ. "ತಾಯಿ ಇರೋದೇ ಬೇಕು. ಹೊಟ್ಟೆಗೆ ಒಳ್ಳೇದು."

ನಸಾರಿಯೊ ಬಿಟ್ಟಾನೆಯೇ? "ಅಲ್ಲಮ್ಮಾ ಬ್ರಿಹಿದಾ, ಸ್ವಂತ ತಾಯೀನ ಬಚ್ಚಲಿಗೆ ಕಳಿಸಿ, ಪರದೇಶದ ಗ್ರಿಂಗೋಗಳ ತಾಯೀನ ಕಪಾಟಲ್ಲಿ ಕೂರಿಸಿದೀಯಲ್ಲ!"

ಅವನ ಮಾತಿಗೆ ಎರಡರಷ್ಟು ತಿರುಗಿ ಕೊಡುತ್ತಿದ್ದ ಹೆಂಗಸು ಅಂದು ಆ ಬಾಟಲಿಯೊಂದನ್ನು ಎತ್ತಿಕೊಂಡು ಒಳಗೆ ಹೋದಳು. ಸಂಜೆ ನಮ್ಮ ಮನೆಗೆ ಬಂದಳು. ನಾನು ಪಕ್ಕದ ಬೀದಿಯ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುವವನು.

"ಮೇಷ್ಟ್ರೇ, ಆ ಬಾಟ್ಲಿ ಗಸಿ ಹಾಕಿದ್ರೆ ನಮ್ಮಮ್ಮನ ವಿನೆಗರ್ ಮತ್ತೆ ಬರುತ್ತಾ?"

ಹುಳಿ ಕೊಡುವ ಬ್ಯಾಕ್ಟೀರಿಯಾ ಗಾಳಿಯಲ್ಲೂ ಹಣ್ಣಿನ ಸಿಪ್ಪೆಯಲ್ಲೂ ಇರುತ್ತವೆ, ಸೂಕ್ಷ್ಮಜೀವಿಗಳಿಗೆ ಮನೆತನದ ಅಭಿಮಾನವಿಲ್ಲ, ಆ ಗಸಿ ಹಾಕಿದರೂ ಅದೇ ಬರುತ್ತದೆ ಎಂದೆ. ಅವಳು ಹಾಗೆಯೇ ಮಾಡಿದಳು. ಹೊಸ ಪದರ ಕಟ್ಟಿತು. ವಿನೆಗರ್ ಸೊಗಸಾಗಿಯೇ ಬಂತು. ಅವಳು ನಾಲಿಗೆಗೆ ಮುಟ್ಟಿಸಿಕೊಂಡು ತಲೆಯಾಡಿಸಿದಳು.

"ಇದು ಅದಲ್ಲ."

"ಹೋಲಿಸೋಕೆ ಹಳೇದು ಇದೆಯಾ?"

"ಇದ್ದಿದ್ರೆ ನಿಮ್ಮ ಹತ್ರ ಯಾಕೆ ಬರ್ತಿದ್ದೆ?"

ನೆನಪನ್ನು ನಾನು ಅಳತೆಗೋಲೆಂದು ಒಪ್ಪುವುದಿಲ್ಲ. ಮುಟ್ಟಿದಾಗಲೆಲ್ಲ ಅದು ಚೂರು ಬದಲಾಗುತ್ತದೆ. ಆದರೆ ಎದುರಿಗೆ ಮಾದರಿಯೇ ಇಲ್ಲದಿದ್ದಾಗ, 'ಅದೇ' ಎಂಬ ನನ್ನ ಮಾತಿಗೂ 'ಅಲ್ಲ' ಎಂಬ ಅವಳ ಮಾತಿಗೂ ಇರುವ ಆಧಾರ ಒಂದೇ: ಏನೂ ಇಲ್ಲ.

ಮಾದರಿ ಸಿಗಬಹುದಾದ ಜಾಗ ಒಂದಿತ್ತು. ಬ್ರಿಹಿದಾಳ ತಂಗಿ ಚೋಲೆ ಮದುವೆಯಾಗಿ ಸರೋವರದ ಆಚೆ ದಂಡೆಗೆ ಹೋದಾಗ, ಅಮ್ಮ ತಾಯಿಯ ಪದರವನ್ನು ಎರಡಾಗಿ ಕತ್ತರಿಸಿ ಒಂದನ್ನು ಅವಳಿಗೆ ಕೊಟ್ಟಿದ್ದಳು. ಅಮ್ಮನ ಮನೆ ಮಾರಿದ ಮೇಲೆ ಅಕ್ಕತಂಗಿಯರಲ್ಲಿ ಮಾತು ನಿಂತಿತ್ತು. ಭಾನುವಾರ ಬ್ರಿಹಿದಾಳನ್ನು ನನ್ನ ಕಾರಿನಲ್ಲಿ ಅಲ್ಲಿಗೆ ಕರೆದೊಯ್ದೆ. ಹೊಸ ವಿನೆಗರಿನ ಸೀಸೆಯೊಂದು, ಖಾಲಿ ಜಾಡಿಯೊಂದು ಅವಳ ಮಡಿಲಲ್ಲಿದ್ದವು.

ಚೋಲೆ ಬಾಗಿಲು ತೆರೆದು ಜಾಡಿಯನ್ನೇ ನೋಡಿದಳು. "ಇಷ್ಟು ವರ್ಷ ಆದ್ಮೇಲೆ ಬರ್ತಿದೀಯ, ಅದೂ ಬರೀ ಜಾಡಿ ಹಿಡ್ಕೊಂಡಾ ಅಕ್ಕಾ?"

"ನಿನ್ನ ತಾಯೀಲಿ ಒಂದು ಚೂರು ಕೊಡೇ. ನನ್ನದನ್ನ ಚೆಲ್ಲಿಬಿಟ್ಟೆ."

ಚೋಲೆ ಅಲ್ಲೇ ಬೆಂಚಿನ ಮೇಲೆ ಕೂತಳು. "ನನ್ನದೆಲ್ಲಿದೆ? ನೊಣ ಮುತ್ಕೊಂಡು ಕೆಟ್ಟೋಯ್ತು. ಹೋದ್ರೆ ಹೋಗ್ಲಿ, ಅಕ್ಕನ ಹತ್ರ ಇದೆಯಲ್ಲ, ಸಿಟ್ಟು ಇಳಿದ ಮೇಲೆ ಹೋಗಿ ಇಸ್ಕೊಂಡ್ರಾಯ್ತು ಅಂತ..."

"ಚೆಲ್ಲುವಾಗ ನಾನೂ ಹಾಗೇ ಅಂದ್ಕೊಂಡೆ ಕಣೇ. ಚೋಲೆ ಹತ್ರ ಇದೆಯಲ್ಲ ಅಂತ."

ಚೋಲೆ ಎದ್ದು ಈರುಳ್ಳಿ ಹೆಚ್ಚಿ, ಅಕ್ಕ ತಂದ ಸೀಸೆಯಿಂದ ವಿನೆಗರ್ ಹನಿಸಿ ಒಂದು ಬಿಲ್ಲೆ ಬಾಯಿಗಿಟ್ಟಳು.

"ಇದೇ ಅಲ್ವೇನಕ್ಕಾ! ಅಮ್ಮಂದೇ ಇದು."

"ಅಲ್ಲ. ಅಮ್ಮಂದು ಕೊನೇಲಿ ಸಿಹಿ ಸಿಹಿಯಾಗಿರ್ತಿತ್ತು."

"ಸಿಹಿ ಎಲ್ಲಿತ್ತು? ಮೂಗಿಗೆ ಹತ್ತಿ ಕಣ್ಣಲ್ಲಿ ನೀರು ಬರ್ತಿತ್ತು!"

"ನೀನು ಆಗ ಲಂಗ ಹಾಕ್ಕೊಂಡು ಓಡಾಡ್ತಿದ್ದೆ, ನಿಂಗೇನು ಗೊತ್ತು?"

"ಅಡುಗೆಮನೇಲಿ ಅಮ್ಮನ ಜೊತೆ ಇದ್ದೋಳು ನಾನು. ನೀನು ಅಂಗಡೀಲಿ ಕೂತಿರ್ತಿದ್ದೆ."

ಇಬ್ಬರ ಸಾಕ್ಷ್ಯದಲ್ಲೂ ನನಗೆ ಕಪಟ ಕಾಣಲಿಲ್ಲ. ಹೊರಡುವಾಗ ಬ್ರಿಹಿದಾ ಸೀಸೆಯನ್ನು ಅಲ್ಲೇ ಬಿಟ್ಟಳು.

ಊರು ಹತ್ತಿರವಾದಾಗ ಕೇಳಿದಳು: "ನನ್ನ ಸಮಾಧಾನಕ್ಕೆ ಸುಳ್ಳು ಹೇಳಿದ್ಲಾ ಮೇಷ್ಟ್ರೇ?"

"ಗೊತ್ತಿಲ್ಲಮ್ಮ."

"ಸುಳ್ಳಾಗಿದ್ರೆ ಒಳ್ಳೇದು," ಎಂದಳು. "ನಿಜಾನೇ ಹೇಳಿದ್ದಾದ್ರೆ, ಇಬ್ಬರಲ್ಲಿ ಒಬ್ಬರು ಅಮ್ಮನ ಕೈರುಚೀನೇ ಮರೆತುಬಿಟ್ಟಿದೀವಿ. ಯಾರು ಅಂತ ಇನ್ನು ಕೇಳೋದು ಯಾರನ್ನ?"