ಸಿಪಿಯು ಮೇಲೆ ಪಾರ್ಚ್‌ಮೆಂಟ್

ನಿಮ್ಮ ಮನೆಯ ಕಂಪ್ಯೂಟರಿನ ಮೇಲೆ ಯಾರಾದರೂ ಕಾಫಿ ಒಣಹಾಕಿದ್ದಾರಾ? ನಮ್ಮ ಮನೆಯಲ್ಲಿ ಹಾಕಿದ್ದಾರೆ. ನನ್ನ ಗಂಡನ ಅಪ್ಪ, ನಮ್ಮ ಮಾವ!

ಮಾವನಿಗೆ ಈಚೆಗೆ ಕಣ್ಣು ಮಂಜು. ಮೂಡಿಗೆರೆಗೆ ಹೋಗಿ ಕನ್ನಡಕ ಬದಲಿಸಿದರೂ ಪ್ರಯೋಜನವಾಗಲಿಲ್ಲ. ಪೇಪರನ್ನು ಒಂದಕ್ಷರ ಬಿಡದೆ ಓದುತ್ತಿದ್ದವರು ಈಗ ಯಾರಾದರೂ ಓದಿ ಹೇಳಲಿ ಎಂದು ಕಾಯುತ್ತಾರೆ. ಬಾಯಿಬಿಟ್ಟು ಕೇಳುವುದಿಲ್ಲ. ನನಗೆ ಅದೇ ಸಂಕಟ. (ಈ ಅಂಕಣವನ್ನು ಮಾತ್ರ ಪ್ರತಿ ವಾರ ನಾನೇ ಓದಿ ಹೇಳುವುದು. ಬೇರೆಯವರಿಗೆ ಬಿಡುವುದಿಲ್ಲ.)

ಅದಕ್ಕೇ ಅಂಗೈಯಗಲದ ಅಕ್ಷರದಲ್ಲಿ ಪೇಪರ್ ತೋರಿಸುವ ಪುಟ್ಟ ಪ್ರೋಗ್ರಾಂ ಬರೆದೆ. ಮೊದಲಿಗೆ ಮಾವನ ಹೆಸರನ್ನೇ ಹಾಕಿದೆ. ಪರದೆಯ ಮೇಲೆ ಬಂದದ್ದು: ಮಲ್‌ಲಪ್‌ಪ.

"ಇದ್ಯಾರೇ ಮಾರಾಯ್ತಿ, ಉಗ್ಗ್ತಾ ಇದಾನೆ?" ಎಂದರು ಮಾವ.

ತಪ್ಪು ನನ್ನದಲ್ಲ, ಟೂಲ್‌ಕಿಟ್‌ನದು. ವಿಂಡೋಸ್, ಲಿನಕ್ಸ್ ಎನ್ನದೆ ಎಲ್ಲ ಕಡೆ ಕಿಟಕಿ, ಬಟನ್, ಅಕ್ಷರ ಮೂಡಿಸಿಕೊಡುವ ಸಾಮಗ್ರಿ ಅದು. ನಾನು ಇಳಿಸಿಕೊಂಡ ರೆಡಿಮೇಡ್ ಪ್ರತಿಯಲ್ಲಿ ಒತ್ತಕ್ಷರ ಜೋಡಿಸುವ ಭಾಗವೇ ಇರಲಿಲ್ಲ. ಬೇಕೆಂದರೆ ಸೋರ್ಸ್ ಕೋಡ್ ತಂದು, ಆ ಭಾಗ ಸೇರಿಸಿ, ನಾವೇ ಕಂಪೈಲ್ ಮಾಡಿಕೊಳ್ಳಬೇಕು. (ಪುಡಿ ಕೊಳ್ಳುವ ಬದಲು ಬೀಜ ತಂದು ಮನೆಯಲ್ಲೇ ಹುರಿದ ಹಾಗೆ.) ಒತ್ತೇ ಇಲ್ಲದ ಇಂಗ್ಲಿಷಿನಲ್ಲಿ ಯೋಚಿಸುವವರಿಗೆ ನಮ್ಮ ಮಲ್ಲಪ್ಪ ಹೇಗೆ ಹೊಳೆದಾನು?

ಬೆಳಿಗ್ಗೆ ಕಂಪೈಲ್ ಶುರು ಮಾಡಿದೆ, ಗಂಟೆಗಟ್ಟಲೆ ಹಿಡಿಯುವ ಕೆಲಸ. ಹಳೇ ಡೆಸ್ಕ್‌ಟಾಪ್ ಉಸ್ಸೆಂದು ಬಿಸಿಗಾಳಿ ಬಿಡುತ್ತಾ ಕೆಲಸಕ್ಕೆ ಕೂತಿತು. ಊಟದ ಹೊತ್ತಿಗೆ ಮುಕ್ಕಾಲು ಪಾಲು ಮುಗಿದಿತ್ತು. ಉಂಡು ಬಂದು ನೋಡಿದರೆ ಕಂಪ್ಯೂಟರ್ ಆಫ್! ಸಿಪಿಯು ಮೇಲೆ ಪೇಪರ್ ಹಾಸಿ ಪಾರ್ಚ್‌ಮೆಂಟ್ ಹರವಿತ್ತು. ಅದೇ, ಪಲ್ಪ್ ಮಾಡಿ, ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದ ಕಾಫಿ ಬೀಜ. ಗಾಳಿಯಾಡುವ ತೂತೆಲ್ಲ ಮುಚ್ಚಿಹೋಗಿ, ಪಾಪ, ಅದು ಕಾದು ಕಾದು ನಿಂತೇಬಿಟ್ಟಿತ್ತು.

"ಮಾವ, ಏನಿದು?"

"ಕಣದಲ್ಲಿ ಬಿಸ್ಲೇ ಇಲ್ಲ, ಬರೀ ಮೋಡ. ಇಲ್ಲಿ ನೋಡಿದ್ರೆ ಬಿಸಿಗಾಳಿ ಸುಮ್ನೆ ವೇಸ್ಟ್ ಆಗ್ತಿತ್ತು. ಸ್ಯಾಂಪಲ್ ಆದ್ರೂ ಒಣಗ್ಲಿ ಅಂತ..."

ಕುಯ್ಲಿನ ಕಾಲದ ಮೋಡಕ್ಕೆ ಹೆದರಿದ ಬೆಳೆಗಾರನ ಮೇಲೆ ಸಿಟ್ಟು ಮಾಡುವುದು ಹೇಗೆ ಹೇಳಿ? ನಗುತ್ತಲೇ ಬೀಜ ಬಾಚಿ ತೆಗೆದೆ. ಅರ್ಧಂಬರ್ಧ ಫೈಲುಗಳು ಕೆಟ್ಟಿದ್ದವು. ಮತ್ತೆ ಮೊದಲಿಂದ!

ಮಾರನೇ ದಿನ ಮಾವ ಕುರ್ಚಿ ಹಾಕಿಕೊಂಡು ಸಿಪಿಯು ಪಕ್ಕ ಕಾವಲು ಕೂತರು. ಬೆಕ್ಕನ್ನೂ ಹತ್ತಿರ ಬಿಡಲಿಲ್ಲ. "ನಮ್ ಪಲ್ಪರ್‌ಗಿಂತ ನಿಧಾನ ಕಣೇ ಇದು" ಎಂದು ಗೊಣಗಿದರು.

ಸಂಜೆ ಪರದೆಯ ತುಂಬ ಮೂಡಿತು: ಮಲ್ಲಪ್ಪ. ಒತ್ತುಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ. ಮಾವ ಬೆರಳಿಟ್ಟು ಓದಿದರು. ಇನ್ನೊಮ್ಮೆ, ಜೋರಾಗಿ ಓದಿದರು. ನನಗೆ ಅಳುವೇ ಬಂತು.

"ಇನ್ಮೇಲೆ ನಿಂಗೆ ತೊಂದ್ರೆ ಇಲ್ಲ ಬಿಡು. ನಿನ್ ಹಳೇ ಅಂಕಣ ಎಲ್ಲಾ ಹಾಕ್ಕೊಡು, ನಾನೇ ಓದ್ಕತೀನಿ."

ಎದೆ ಧಸಕ್ಕೆಂದಿತು. ಮಾವ, ಈ ವಾರದ್ದನ್ನೂ ನೀವೇ ಓದುತ್ತಿದ್ದೀರಲ್ಲ, ಇಷ್ಟು ದಿನ ಓದಿ ಹೇಳುವಾಗ ನಿಮ್ಮನ್ನು ಆಡಿಕೊಂಡ ಸಾಲುಗಳನ್ನೆಲ್ಲ ನಾನು ಹಾರಿಸುತ್ತಿದ್ದೆ ಅಂತ ಇಷ್ಟರಲ್ಲೇ ಗೊತ್ತಾಗಿಬಿಟ್ಟಿತಾ?