ಡಬ್ಬಿ ಯಾರಿಗ್ರಿ?

ಕಿತ್ತೂರು ಬಸ್‌ಸ್ಟ್ಯಾಂಡಿನ ಎದುರು ಬೇಕರಿ ಇಟ್ಟಿರುವ ಶಿವಬಸಪ್ಪ "ಯಾರಿಗ್ರಿ?" ಎಂದು ಕೇಳದೆ ಚಾಕಲೇಟ್ ಡಬ್ಬಿಗೆ ಕೈ ಹಾಕುವವನೇ ಅಲ್ಲ. ಬೀಗರಿಗೆಂದರೆ ಬಂಗಾರ ಬಣ್ಣದ ಕಾಗದ ಸುತ್ತಿದವು, ಸಾಹೇಬರಿಗೆಂದರೆ ಎಲ್ಲಕ್ಕಿಂತ ದೊಡ್ಡ ಡಬ್ಬಿ, ಮುನಿಸಿಕೊಂಡ ಹೆಂಡತಿಗೆಂದರೆ ಜೊತೆಗೊಂದಿಷ್ಟು ಬುದ್ಧಿಮಾತು ಪುಕ್ಕಟೆ. ಮೊನ್ನೆ, ಮಗಳ ಊರಿಗೆ ಹೊರಟಿದ್ದ ಮನೋಳಿಯ ಬಾಯವ್ವ ಡಬ್ಬಿ ಕೇಳಿದಳು. "ಮೊಮ್ಮಕ್ಕಳಿಗೇನ್ರಿ?" "ಅಲ್ಲರಿ, ನನಗ. ಎಲ್ಲಾ ನಾನ ತಿಂತೇನಿ." ಶಿವಬಸಪ್ಪ ಡಬ್ಬಿ ತೆಗೆದುಕೊಟ್ಟು, "ಕುಂದರ್ರಿ, ಯವ್ವಾ" ಎಂದು ಸ್ಟೂಲು ಎಳೆದುಕೊಟ್ಟ. ಅವಳು ಅಲ್ಲೇ ಡಬ್ಬಿ ಬಿಚ್ಚಿ, ಬಣ್ಣಬಣ್ಣದ ಕಾಗದಗಳನ್ನು ಮುಟ್ಟಿಮುಟ್ಟಿ ನೋಡಿ, ಕೆಂಪನೆಯದೊಂದನ್ನು ಸುಲಿದು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಗಿರಾಕಿಗಳು ಕರೆದರೂ ಅವನು ಕದಲಲಿಲ್ಲ. ಇಷ್ಟು ವರ್ಷ ಮುಚ್ಚಿದ ಡಬ್ಬಿಗಳನ್ನೇ ಮಾರಿದ್ದ ಅವನು, ಒಂದನ್ನು ತೆರೆದು ತಿನ್ನುವವರ ಮುಖ ನೋಡಿದ್ದು ಅದೇ ಮೊದಲು.